ನಾಲ್ಕು ಕೋಟಿ ಅಂಕಿಗಳ ಸಂಖ್ಯೆಗೆ ತಾಳೆ ನೋಡುವುದು

ಶಾಲೆಯಲ್ಲಿ ಭಾಗಾಕಾರದ ಲೆಕ್ಕದ ಕೊನೆಯ ಸಾಲು ‘ತಾಳೆ ನೋಡಿರಿ’. ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ, ಶೇಷ ಕೂಡಿಸಿ, ಭಾಜ್ಯ ಮರಳಿ ಬಂತೇ ಎಂದು ನೋಡಬೇಕು. ಬಂದರೆ ಲೆಕ್ಕ ಸರಿ, ಬಾರದಿದ್ದರೆ ಎಲ್ಲೋ ಕೈ ತಪ್ಪಿದೆ. ಉತ್ತರ ಹೇಗೆ ಬಂತು ಎಂದು ಗೊತ್ತಿಲ್ಲದವರೂ ತಾಳೆ ನೋಡಬಹುದು.

2024ರ ಅಕ್ಟೋಬರ್ 21ರಂದು ಪ್ರಕಟವಾದ, ಆವರೆಗೆ ಸಿಕ್ಕವುಗಳಲ್ಲೇ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಗೆ ಈ ತಾಳೆಯ ಪ್ರಶ್ನೆ ಬಹಳ ಗಂಭೀರವಾಗಿ ತಗಲುತ್ತದೆ. ಆ ಸಂಖ್ಯೆ 2¹³⁶²⁷⁹⁸⁴¹ − 1. ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ ಮೂರು ಸಾವಿರ ಅಂಕಿ ಅಚ್ಚು ಹಾಕಿದರೂ ಹದಿಮೂರೂವರೆ ಸಾವಿರ ಪುಟ ದಾಟುತ್ತದೆ. ಅದಕ್ಕೆ ಮುಂಚಿನ ದಾಖಲೆ 2018ರ ಡಿಸೆಂಬರಿನಲ್ಲಿ ಸಿಕ್ಕ 2⁸²⁵⁸⁹⁹³³ − 1. ಹೊಸದು ಅದಕ್ಕಿಂತ ಒಂದು ಕೋಟಿ ಅರವತ್ತೊಂದು ಲಕ್ಷ ಅಂಕಿಗಳಷ್ಟು ಉದ್ದ. ಇಷ್ಟು ದೊಡ್ಡದನ್ನು 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರಾವುದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ ಎಂದು ಯಾರೋ ಹೇಳಿದರೆ, ಆ ಮಾತಿಗೆ ತಾಳೆ ಯಾವುದು? ನನ್ನ ಮಟ್ಟಿಗೆ ಈ ಸಂಖ್ಯೆಯ ವಿಷಯದಲ್ಲಿ ಎಲ್ಲಕ್ಕಿಂತ ಸುಂದರವಾದ ಗಣಿತ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ.

ಮೊದಲು ಕೈಯಲ್ಲೇ ಎಷ್ಟು ತಿಳಿಯಬಹುದು ನೋಡೋಣ. 2ರ ಘಾತಗಳ ಕೊನೆಯ ಎರಡು ಅಂಕಿಗಳು 2²ರಿಂದ ಮುಂದೆ ಇಪ್ಪತ್ತು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. 13,62,79,841ನ್ನು 20ರಿಂದ ಭಾಗಿಸಿದರೆ ಶೇಷ 1. 2²¹ = 20,97,152, ಕೊನೆಗೆ 52. ಒಂದು ಕಳೆದರೆ 51. ನಮ್ಮ ಸಂಖ್ಯೆ ಮುಗಿಯುವುದು 51ರಲ್ಲಿ. ಮೊದಲ ಅಂಕಿಗಳಿಗೆ ಲಾಗರಿದಮ್ ಬೇಕು: 13,62,79,841ನ್ನು 0.301029995664ರಿಂದ ಗುಣಿಸಿದರೆ ಸುಮಾರು 4,10,24,319.9453. ಪೂರ್ಣಾಂಕ ಭಾಗಕ್ಕೆ ಒಂದು ಕೂಡಿಸಿದರೆ ಅಂಕಿಗಳ ಎಣಿಕೆ ಸಿಕ್ಕಿತು. ದಶಾಂಶ ಭಾಗ 0.9453ಕ್ಕೆ ಆಂಟಿಲಾಗ್ ತೆಗೆದರೆ 8.81ರ ಆಸುಪಾಸು, ಅಂದರೆ ಸಂಖ್ಯೆ ಶುರುವಾಗುವುದು 881ರಿಂದ. ಲಾಗ್ ಪುಸ್ತಕದ ನಾಲ್ಕು ದಶಾಂಶ ಸ್ಥಾನದ ಬೆಲೆ ಇಲ್ಲಿ ಸಾಲದು. ಘಾತಸೂಚಿ ಒಂಬತ್ತು ಅಂಕಿಯದ್ದಾದ್ದರಿಂದ ಲಾಗ್ 2ರ ಹತ್ತನೇ ಸ್ಥಾನದ ತಪ್ಪು ಕೂಡ ಉತ್ತರದ ಎರಡನೇ ಸ್ಥಾನವನ್ನು ಅಲುಗಾಡಿಸುತ್ತದೆ. ಹನ್ನೆರಡು ಸ್ಥಾನ ಹಿಡಿದದ್ದು ಆ ಕಾರಣಕ್ಕೆ.

ದ್ವಿಮಾನ ಪದ್ಧತಿಯಲ್ಲಿ ಬರೆದರೆ ಈ ಸಂಖ್ಯೆಗೆ ಮುಖವೇ ಬೇರೆ: ಹದಿಮೂರು ಕೋಟಿ ಅರವತ್ತೆರಡು ಲಕ್ಷದಷ್ಟು 1ಗಳು ಸಾಲಾಗಿ, ನಡುವೆ ಒಂದೂ ಸೊನ್ನೆಯಿಲ್ಲ. ಕಂಪ್ಯೂಟರಿನಲ್ಲಿ ಅದು 1.7 ಕೋಟಿ ಬೈಟು. ಇದರ ಬೆನ್ನಿಗೇ ಒಂದು ಪರಿಪೂರ್ಣ ಸಂಖ್ಯೆಯೂ ಬರುತ್ತದೆ. 6, 28, 496, 8128 ಇವುಗಳ ಹಾಗೆ ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತಕ್ಕೆ ಸಮನಾಗಿರುವ ಸಂಖ್ಯೆ ಅದು. 2¹³⁶²⁷⁹⁸⁴⁰ನ್ನು ನಮ್ಮ ಸಂಖ್ಯೆಯಿಂದ ಗುಣಿಸಿದರೆ ಸಿಗುತ್ತದೆ, 8,20,48,640 ಅಂಕಿ. ಇನ್ನೊಂದು ಲೆಕ್ಕ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುತ್ತದೆ. ಈ ಗಾತ್ರದ ಸಂಖ್ಯೆಗಳ ನಡುವೆ ಸರಾಸರಿ ಸುಮಾರು 9.4 ಕೋಟಿ ಪೂರ್ಣಾಂಕಗಳಿಗೆ ಒಂದರಂತೆ ಅವಿಭಾಜ್ಯಗಳಿವೆ. ನಮ್ಮ ಸಂಖ್ಯೆಗಿಂತ ಚಿಕ್ಕದಾದ, ಯಾರೂ ಕಾಣದ ಅವಿಭಾಜ್ಯಗಳು ಎಣಿಕೆಗೆ ನಿಲುಕದಷ್ಟಿವೆ. ಆದರೂ ಇದರ ಪಕ್ಕದ ಅವಿಭಾಜ್ಯ ಯಾವುದು ಎಂದು ಬೆರಳಿಟ್ಟು ತೋರಿಸಬಲ್ಲವರಿಲ್ಲ. ಇದೊಂದನ್ನೇ ತೋರಿಸಲಾಗುವುದು ಅದರ ರೂಪದಿಂದಾಗಿ.

ಆ ರೂಪಕ್ಕೆ ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ ಹೆಸರು. 2ರ ಘಾತದಿಂದ ಒಂದು ಕಳೆದಾಗ ಅವಿಭಾಜ್ಯ ಬರಬೇಕಾದರೆ ಘಾತಸೂಚಿಯೇ ಅವಿಭಾಜ್ಯವಾಗಿರಬೇಕು. 15 = 3 × 5 ಆದ್ದರಿಂದ 2¹⁵ − 1 = 32,767ನ್ನು 2³ − 1 = 7 ಮತ್ತು 2⁵ − 1 = 31 ಎರಡೂ ಭಾಗಿಸುತ್ತವೆ. ಘಾತಸೂಚಿ ಅವಿಭಾಜ್ಯವಾದರೆ ಅಷ್ಟೇ ಸಾಕೇ? ಸಾಲದು. 2¹¹ − 1 = 2047 = 23 × 89. ಮರ್ಸೆನ್ 1644ರಲ್ಲಿ 257ರ ವರೆಗಿನ ಘಾತಸೂಚಿಗಳ ಪಟ್ಟಿ ಕೊಟ್ಟ. ಅದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿದ್ದವು. 67ರ ಕಥೆ ತಾಳೆಯ ವಿಷಯಕ್ಕೆ ನೇರ ಬರುತ್ತದೆ. 2⁶⁷ − 1 ಅವಿಭಾಜ್ಯವಲ್ಲ ಎಂದು ಎದ್ವಾರ್ ಲ್ಯೂಕಾ 1876ರಲ್ಲೇ ತೋರಿಸಿದ್ದ, ಆದರೆ ಅದರ ಒಂದು ಅಪವರ್ತನವನ್ನೂ ಹೇಳಲಾರದೆ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವನ್ನು ಕಂಡುಹಿಡಿದ: 193707721 × 761838257287 = 147573952589676412927. ಇದಕ್ಕೆ ತಾಳೆ ನೋಡಲು ಹೈಸ್ಕೂಲಿನ ಗುಣಾಕಾರ ಸಾಕು. ಸಂಯುಕ್ತ ಸಂಖ್ಯೆಗೆ ಅಪವರ್ತನವೇ ತಾಳೆ. ಅವಿಭಾಜ್ಯಕ್ಕೆ ಅಂಥ ಸುಲಭದ ಸಾಕ್ಷಿ ಇಲ್ಲ. ಏನೂ ಸಿಗಲಿಲ್ಲ ಎನ್ನುವುದನ್ನು ಸಾಕ್ಷಿಯಾಗಿ ಒಪ್ಪಲಾಗದು.

ಹುಡುಕಾಟ ಶುರುವಾಗುವುದು ಸಂಯುಕ್ತಗಳನ್ನು ಅಗ್ಗದಲ್ಲಿ ಕಳೆದುಹಾಕುವುದರಿಂದ. ಘಾತಸೂಚಿಯನ್ನು ‘ಪ’ ಎನ್ನೋಣ, ಪೂರ್ತಿ ಸಂಖ್ಯೆಯನ್ನು ‘ಮ’ ಎನ್ನೋಣ. ‘ಮ’ಗೆ ಅವಿಭಾಜ್ಯ ಅಪವರ್ತನವೇನಾದರೂ ಇದ್ದರೆ ಅದು 2 × ಕ × ಪ + 1 ಎಂಬ ರೂಪದಲ್ಲೇ ಇರಬೇಕು, ‘ಕ’ ಒಂದು ಪೂರ್ಣಾಂಕ. ಜೊತೆಗೆ 8ರಿಂದ ಭಾಗಿಸಿದಾಗ ಅದರ ಶೇಷ 1 ಅಥವಾ 7 ಆಗಿರಬೇಕು. 2047ರ ಅಪವರ್ತನ 23 = 2 × 1 × 11 + 1, 8ರಿಂದ ಭಾಗಿಸಿದರೆ ಶೇಷ 7. 89 = 2 × 4 × 11 + 1, ಶೇಷ 1. ನಮ್ಮ ‘ಪ’ಗೆ ಮೊದಲ ಉಮೇದುವಾರ 27,25,59,683. 8ರಿಂದ ಭಾಗಿಸಿದರೆ ಶೇಷ 3, ಬಿಟ್ಟುಬಿಡಬಹುದು. ಎರಡನೆಯದು 5ರಲ್ಲಿ ಕೊನೆಯಾಗುತ್ತದೆ, ಅದೂ ಬೇಡ. ಮೂರನೆಯದು 81,76,79,047, ಶೇಷ 7, ಪರೀಕ್ಷಿಸಲೇಬೇಕು. ಈ ‘ಪ’ಯ ಮಟ್ಟಿಗೆ ‘ಕ’ವನ್ನು 4ರಿಂದ ಭಾಗಿಸಿದಾಗ 0 ಅಥವಾ 3 ಉಳಿಯಬೇಕು, ಹಾಗಾಗಿ ಉಮೇದುವಾರರಲ್ಲಿ ಅರ್ಧದಷ್ಟು ಮಂದಿ ಬಾಗಿಲಲ್ಲೇ ವಾಪಸು.

ಉಳಿದವನ್ನು ಪರೀಕ್ಷಿಸಲು ನಾಲ್ಕು ಕೋಟಿ ಅಂಕಿಗಳನ್ನು ಮುಟ್ಟುವುದೇ ಬೇಕಿಲ್ಲ. 2ರ ‘ಪ’ನೇ ಘಾತವನ್ನು ಉಮೇದುವಾರನಿಂದ ಭಾಗಿಸಿದಾಗ ಶೇಷ 1 ಬಂದರೆ ಅದು ಅಪವರ್ತನ. 11 ಮತ್ತು 23ರಲ್ಲಿ ನೋಡಿ. 11ರ ದ್ವಿಮಾನ ರೂಪ 1011. ಎಡದಿಂದ ಒಂದೊಂದೇ ಅಂಕಿ ಓದುತ್ತಾ ವರ್ಗ ಮಾಡಬೇಕು; ಅಂಕಿ 1 ಆದರೆ ಇಮ್ಮಡಿಸಬೇಕು; ಪ್ರತಿ ಸಲ 23 ಕಳೆದು ಶೇಷ ಇಟ್ಟುಕೊಳ್ಳಬೇಕು. 2, ಆಮೇಲೆ 4, ಆಮೇಲೆ 32 ಅಂದರೆ 9, ಕೊನೆಗೆ 81 ಅಂದರೆ 12, ಇಮ್ಮಡಿ 24 ಅಂದರೆ 1. ಮುಗಿಯಿತು. ನಮ್ಮ ‘ಪ’ಗೆ ದ್ವಿಮಾನದಲ್ಲಿ 28 ಅಂಕಿ, ಆದ್ದರಿಂದ ಒಬ್ಬ ಉಮೇದುವಾರನಿಗೆ ಇಪ್ಪತ್ತೇಳು ವರ್ಗ ಸಾಕು. ಗ್ರಾಫಿಕ್ಸ್ ಕಾರ್ಡುಗಳು ಈ ಕೆಲಸವನ್ನು ಉರುಬಿನಿಂದ ಮಾಡುತ್ತವೆ. ಆದರೆ ಜರಡಿ ಎಷ್ಟು ದೂರ ಹಿಡಿಯಬೇಕು ಎನ್ನುವುದಕ್ಕೆ ಮಿತಿ ಇದೆ. ಮಿತಿಯನ್ನು ಒಂದು ಬಿಟ್, ಅಂದರೆ ಒಂದು ದ್ವಿಮಾನ ಅಂಕಿ, ಮೇಲೇರಿಸಿದರೆ ಕೆಲಸ ಇಮ್ಮಡಿ, ಅಪವರ್ತನ ಸಿಗುವ ಸಂಭವ ಮಾತ್ರ ಪ್ರತಿ ಬಿಟ್ಟಿಗೂ ಕುಗ್ಗುತ್ತಾ ಹೋಗುತ್ತದೆ. ಎಪ್ಪತ್ತರ ಮೇಲಿನ ಬಿಟ್‌ಗಳಿಗೆ ಬರುವಷ್ಟರಲ್ಲಿ ನಿಲ್ಲಿಸಿ, ಜಾನ್ ಪೊಲಾರ್ಡ್ 1974ರಲ್ಲಿ ಕೊಟ್ಟ ವಿಧಾನಕ್ಕೆ ಹೊರಳುವುದು ಜಾಣತನ. ‘ಕ’ ಸಣ್ಣ ಸಣ್ಣ ಅವಿಭಾಜ್ಯಗಳ ಗುಣಲಬ್ಧವಾಗಿದ್ದರೆ, ಅಪವರ್ತನ ಎಷ್ಟೇ ದೊಡ್ಡದಿದ್ದರೂ ಮ.ಸಾ.ಅ. ತೆಗೆದಾಗ ಹೊರಬೀಳುತ್ತದೆ.

ಇಷ್ಟೆಲ್ಲ ದಾಟಿಯೂ ಉಳಿದ ಸಂಖ್ಯೆಗೆ ನಿಜವಾದ ಪರೀಕ್ಷೆ ಕಾದಿರುತ್ತದೆ. ಅದರ ತಿರುಳು ಫರ್ಮಾ ಎಂಬ ಗಣಿತಜ್ಞನ ಹಳೆಯ ಪ್ರಮೇಯ: ‘ಮ’ ಅವಿಭಾಜ್ಯವಾಗಿದ್ದರೆ 3ರ ‘ಮ − 1’ನೇ ಘಾತವನ್ನು ‘ಮ’ದಿಂದ ಭಾಗಿಸಿದಾಗ 1 ಉಳಿಯುತ್ತದೆ. 3ನ್ನು ತೆಗೆದುಕೊಂಡು ‘ಪ’ ಸಲ ವರ್ಗ ಮಾಡಬೇಕು, ಪ್ರತಿ ಸಲ ‘ಮ’ದಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಬೇಕು. ‘ಮ’ ಅವಿಭಾಜ್ಯವಾಗಿದ್ದರೆ ಕೊನೆಗೆ 9 ಉಳಿಯಲೇಬೇಕು. ‘ಪ’ 5 ಆದಾಗ ‘ಮ’ 31:

3 → 9 → 19 → 20 → 28 → 9

ಐದು ವರ್ಗ, ಕೊನೆಗೆ 9. ‘ಪ’ 11 ಆದಾಗ 2047:

3 → 9 → 81 → 420 → 358 → 1250 → 639 → 968 → 1545 → 223 → 601 → 929

ಹನ್ನೊಂದು ವರ್ಗದ ಮೇಲೆ 929. ಸಂಯುಕ್ತ ಎಂದು ತೀರ್ಮಾನ, 23ರ ಅಥವಾ 89ರ ಸುದ್ದಿಯೇ ಇಲ್ಲದೆ. 2ರಿಂದ ಯಾಕೆ ಶುರು ಮಾಡಬಾರದು? 2ರ ‘ಪ’ನೇ ಘಾತ ‘ಮ’ಗಿಂತ ಸರಿಯಾಗಿ ಒಂದು ಹೆಚ್ಚು. ಆದ್ದರಿಂದ ‘ಪ’ ಅವಿಭಾಜ್ಯವಾಗಿದ್ದರೆ ಸಾಕು, ‘ಮ’ ಅವಿಭಾಜ್ಯವಾಗಿರಲಿ ಬಿಡಲಿ, 2 ಯಾವಾಗಲೂ ಪಾಸು ಮಾಡಿಬಿಡುತ್ತದೆ. ಎಲ್ಲರನ್ನೂ ಪಾಸು ಮಾಡುವ ಪರೀಕ್ಷೆಯಿಂದ ಏನೂ ತಿಳಿಯದು.

ನಮ್ಮ ಸಂಖ್ಯೆಗೆ ಈ ಸರಣಿ 13.6 ಕೋಟಿ ಹೆಜ್ಜೆಯದು, ಪ್ರತಿ ಹೆಜ್ಜೆಯಲ್ಲೂ ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ವರ್ಗ. ಎರಡು ಕಡೆ ಮರ್ಸೆನ್ ರೂಪ ನೆರವಿಗೆ ಬರುತ್ತದೆ. ಒಂದು, ಭಾಗಾಕಾರವೇ ಬೇಕಿಲ್ಲ. 127ರಲ್ಲಿ ನೋಡಿ: 4487ನ್ನು 128ರ ಗಂಟುಗಳಾಗಿ ಕಟ್ಟಿದರೆ 35 ಗಂಟು, ಬಿಡಿ 7. 35 + 7 = 42; 127ರಿಂದ ಭಾಗಿಸಿದ ಶೇಷವೂ 42. 128ನ್ನು 127ರಿಂದ ಭಾಗಿಸಿದರೆ 1 ಉಳಿಯುವುದರಿಂದ ಪ್ರತಿ ಗಂಟಿನ ಬೆಲೆ 1. ದೊಡ್ಡ ಸಂಖ್ಯೆಗೂ ಇದೇ: ಮೇಲಿನ ಅರ್ಧದ ಬಿಟ್‌ಗಳನ್ನು ಸೀರೆಯ ಮಡಿಕೆಯಂತೆ ಕೆಳಗಿನ ಅರ್ಧದ ಮೇಲೆ ಮಡಚಿ ಕೂಡಿಸಿದರೆ ಶೇಷ ಸಿದ್ಧ.

ಎರಡನೆಯದು ಗುಣಾಕಾರ. ಶಾಲೆಯ ವಿಧಾನದಲ್ಲಿ ಒಂದು ವರ್ಗಕ್ಕೇ ಸುಮಾರು 1,680 ಲಕ್ಷ ಕೋಟಿ ಅಂಕಿ-ಗುಣಾಕಾರ ಬೇಕು. ಅದರ ಬದಲು ಸಂಖ್ಯೆಯನ್ನು ತುಂಡುಗಳಾಗಿ ಕತ್ತರಿಸಿ ಫಾಸ್ಟ್ ಫೂರಿಯೇ ಟ್ರಾನ್ಸ್‌ಫಾರ್ಮ್ ಎಂಬ ವೇಗದ ರೂಪಾಂತರಕ್ಕೆ ಹಾಕುತ್ತಾರೆ. ರೂಪಾಂತರದ ಆಚೆ ಬದಿಯಲ್ಲಿ ತುಂಡಿಗೆ ತುಂಡು ಗುಣಿಸಿದರೆ ಸಾಕು. ಮರಳಿ ತಂದು ದಶಕಗಳನ್ನು ಮುಂದಕ್ಕೆ ಸಾಗಿಸಿದರೆ ವರ್ಗ ಬಂದಿರುತ್ತದೆ. ಉದಾಹರಣೆಗೆ 78,64,320 ತುಂಡು ಮಾಡಿದರೆ ಒಂದೊಂದಕ್ಕೆ 17.33 ಬಿಟ್ ಬರುತ್ತದೆ. ಕಾಲು ಅರ್ಧ ಬಿಟ್ ಎಂಬುದಿಲ್ಲವಾದ್ದರಿಂದ ಕೆಲವಕ್ಕೆ 17, ಕೆಲವಕ್ಕೆ 18 ಎಂದು ಹಂಚಿ, ಆ ಏರುಪೇರನ್ನು ಸರಿದೂಗಿಸಲು ಪ್ರತಿ ತುಂಡಿಗೂ ಒಂದು ತೂಕ ಹಾಕುತ್ತಾರೆ. ರಿಚರ್ಡ್ ಕ್ರ್ಯಾಂಡಲ್ ಮತ್ತು ಬ್ಯಾರಿ ಫ್ಯಾಗಿನ್ 1994ರಲ್ಲಿ ಪ್ರಕಟಿಸಿದ ಈ ಉಪಾಯದಲ್ಲಿ ಮೇಲೆ ಹೇಳಿದ ಮಡಚುವಿಕೆಯೂ ತಾನಾಗಿ ಆಗಿಹೋಗುತ್ತದೆ.

ತಪ್ಪು ನುಸುಳುವ ಮೊದಲ ಸಂದು ಇಲ್ಲೇ. ಈ ರೂಪಾಂತರ ನಡೆಯುವುದು ದಶಾಂಶ ಲೆಕ್ಕದಲ್ಲಿ, ಕಂಪ್ಯೂಟರ್ ಇಟ್ಟುಕೊಳ್ಳುವುದು 53 ಬಿಟ್‌ಗಳ ನಿಖರತೆ. ತುಂಡುಗಳನ್ನು 0ಯಿಂದ ಎಣಿಸದೆ ಧನ ಋಣ ಎರಡೂ ಬರುವಂತೆ ಹಂಚಿದರೆ 18 ಬಿಟ್ ತುಂಡಿನ ಗಾತ್ರ 2¹⁷ ದಾಟುವುದಿಲ್ಲ, ಎರಡು ತುಂಡಿನ ಗುಣಲಬ್ಧ 2³⁴ ದಾಟುವುದಿಲ್ಲ. ಅಂಥ ಎಂಬತ್ತು ಲಕ್ಷದಷ್ಟು ಗುಣಲಬ್ಧಗಳನ್ನು, ಅಂದರೆ ಸುಮಾರು 2²³ನ್ನು, ಕೂಡಬೇಕು. ಎಲ್ಲವೂ ಒಂದೇ ಚಿಹ್ನೆಯವಾದರೆ ಮೊತ್ತ 2⁵⁷, ಲೆಕ್ಕ ಕೈತಪ್ಪಿತು. ಧನ ಋಣ ಬೆರೆತು ಒಂದನ್ನೊಂದು ಕಳೆಯುವುದರಿಂದ ಸಾಮಾನ್ಯವಾಗಿ 2⁴⁶ರ ಒಳಗೇ ನಿಲ್ಲುತ್ತದೆ. ಉಳಿದ ಏಳು ಬಿಟ್‌ಗಳು ಸುತ್ತುವಿಕೆಯ ತಪ್ಪಿಗೆ ಮೀಸಲು. ಕೊನೆಗೆ ಪ್ರತಿ ತುಂಡೂ ಪೂರ್ಣಾಂಕವಾಗಿ ಹೊರಬರಬೇಕು. 7.02 ಬಂದರೆ 7 ಎನ್ನಬಹುದು. 7.48 ಬಂದರೆ 7 ಎನ್ನುವುದೋ 8 ಎನ್ನುವುದೋ? ಆದ್ದರಿಂದಲೇ ಹತ್ತಿರದ ಪೂರ್ಣಾಂಕದಿಂದ ದೂರ 0.4 ತಲುಪಿತೆಂದರೆ ಪ್ರೋಗ್ರಾಂ ಎಚ್ಚರಿಸುತ್ತದೆ. ತುಂಡುಗಳನ್ನು ಇನ್ನೂ ಚಿಕ್ಕದು ಮಾಡಿ ಮತ್ತೆ ಶುರು. ತುಂಡು ಚಿಕ್ಕದಾದಷ್ಟೂ ಎಣಿಕೆ ಹೆಚ್ಚು, ಕೆಲಸ ನಿಧಾನ. ವೇಗಕ್ಕೂ ಸುರಕ್ಷತೆಗೂ ನಡುವಿನ ಗೆರೆ ಇಷ್ಟು ತೆಳ್ಳಗಿದೆ.

ಎರಡನೆಯ ಸಂದು ಯಂತ್ರದ್ದು. ಬಿಸಿಯೇರಿದ ಕಾರ್ಡು, ವೇಗ ಹೆಚ್ಚಿಸಿ ಓಡಿಸಿದ ಚಿಪ್ಪು, ತಪ್ಪು ತಿದ್ದುವ ವ್ಯವಸ್ಥೆ ಇಲ್ಲದ ಮೆಮೊರಿಯಲ್ಲಿ ತಾನಾಗಿ ಮಗುಚಿದ ಒಂದು ಬಿಟ್. ಸಿನಿಮಾದ ಫೈಲಿನಲ್ಲಿ ಒಂದು ಬಿಟ್ ಮಗುಚಿದರೆ ಎಲ್ಲೋ ಒಂದು ಚುಕ್ಕಿಯ ಬಣ್ಣ ಬದಲಾಗುತ್ತದೆ. ಇಲ್ಲಿ ಹಾಗಲ್ಲ. ಒಂದು ಬಿಟ್ ಕೆಟ್ಟರೆ ಮುಂದಿನ ವರ್ಗದಲ್ಲಿ ಅದು ಇಡೀ ಸಂಖ್ಯೆಗೆ ಹರಡುತ್ತದೆ, ಆಮೇಲೆ ಮಾಡಿದ ಕೋಟಿಗಟ್ಟಲೆ ಹೆಜ್ಜೆಗಳೆಲ್ಲ ವ್ಯರ್ಥ. ಕೊನೆಯ ಉತ್ತರ ನೋಡಿದರೆ ಏನೂ ಗೊತ್ತಾಗದು. ಸಂಯುಕ್ತ ಸಂಖ್ಯೆಯ ನಿಜವಾದ ಶೇಷವೂ ಕೆಟ್ಟ ಶೇಷವೂ ಒಂದೇ ರೀತಿ ಕಲಸುಮೇಲೋಗರ. ಅಂದರೆ ಕೈಯಲ್ಲಿದ್ದ ಅವಿಭಾಜ್ಯವನ್ನೇ ಸಂಯುಕ್ತ ಎಂದು ಬರೆದು ಮುಂದೆ ಹೋಗಿಬಿಡಬಹುದು. ಹಿಂದೆ ಇದಕ್ಕಿದ್ದ ಪರಿಹಾರ ಒಂದೇ: ಬೇರೆಯವರ ಬೇರೆ ಯಂತ್ರದಲ್ಲಿ ಪೂರ್ತಿ ಲೆಕ್ಕವನ್ನು ಮತ್ತೊಮ್ಮೆ ಮಾಡಿಸಿ ಎರಡು ಶೇಷಗಳೂ ಕೂಡುತ್ತವೆಯೇ ನೋಡುವುದು. ಎರಡನೇ ಸಲ ಆರಂಭದ ಸಂಖ್ಯೆಯ ಬಿಟ್‌ಗಳನ್ನು ಬೇರೊಂದು ಅಳತೆಗೆ ತಿರುಗಿಸಿ ಶುರು ಮಾಡುತ್ತಿದ್ದರು. ಮರ್ಸೆನ್ ಲೆಕ್ಕದಲ್ಲಿ 2ರಿಂದ ಗುಣಿಸುವುದೆಂದರೆ ಬಿಟ್‌ಗಳನ್ನು ಒಂದು ಸುತ್ತು ಜರುಗಿಸುವುದು ಅಷ್ಟೇ, ಉತ್ತರವನ್ನು ಆಮೇಲೆ ಮರಳಿ ಜರುಗಿಸಬಹುದು. ಆದರೆ ಯಂತ್ರದ ಒಳಗೆ ಓಡುವ ಅಂಕಿಗಳೆಲ್ಲ ಬೇರೆಯಾಗುತ್ತವೆ, ಪ್ರೋಗ್ರಾಂನ ದೋಷ ಎರಡೂ ಸಲ ಒಂದೇ ಜಾಗದಲ್ಲಿ ಬೀಳುವುದಿಲ್ಲ.

ಎಲ್ಲವನ್ನೂ ಎರಡು ಸಲ ಮಾಡುವುದು ದುಬಾರಿ. 2017ರಲ್ಲಿ ರಾಬರ್ಟ್ ಗೆರ್ಬಿಟ್ಸ್ ತೋರಿಸಿದ ತಾಳೆಯನ್ನು ಮೊದಲ ಸಲ ಅರ್ಥ ಮಾಡಿಕೊಂಡಾಗ ಆಗುವ ಸಂತೋಷವನ್ನು ಗಣಿತದ ಯಾವ ವಿದ್ಯಾರ್ಥಿಯೂ ಕಳೆದುಕೊಳ್ಳಬಾರದು. ಸರಣಿ ನಡೆಯುತ್ತಿರುವಾಗ ಪ್ರತಿ ಸಾವಿರ ಹೆಜ್ಜೆಗೊಮ್ಮೆ ಕೈಯಲ್ಲಿರುವ ಶೇಷವನ್ನು ಒಂದು ರಾಶಿಗೆ ಗುಣಿಸುತ್ತಾ ಹೋಗುವುದು. ರಾಶಿಯಲ್ಲಿರುವ ಪ್ರತಿಯೊಂದನ್ನೂ ಇನ್ನೂ ಸಾವಿರ ಸಲ ವರ್ಗ ಮಾಡಿದರೆ ಅದು ಅದರ ಮುಂದಿನದಾಗುತ್ತದೆ. ಆದ್ದರಿಂದ ಹಳೆಯ ರಾಶಿಯನ್ನು ಇಡಿಯಾಗಿ ಸಾವಿರ ಸಲ ವರ್ಗ ಮಾಡಿ, ತಪ್ಪಿಹೋದ ಮೊದಲ 3ನ್ನು ಗುಣಿಸಿದರೆ ಹೊಸ ರಾಶಿಯೇ ಬರಬೇಕು.

127ರಲ್ಲಿ, ಸಾವಿರದ ಬದಲು ಎರಡು ಹೆಜ್ಜೆಗೊಮ್ಮೆ ಮಾಡಿ ನೋಡಿ. ಸರಣಿ 3, 9, 81, 84, 71. ರಾಶಿಗೆ ಸೇರುವವು 3, 81, 71. ಮೊದಲೆರಡರ ರಾಶಿ 3 × 81 = 243, ಅಂದರೆ 116. ಮೂರೂ ಸೇರಿದ ರಾಶಿ 116 × 71, ಅಂದರೆ 108. ಈಗ ತಾಳೆ: 116ನ್ನು ಎರಡು ಸಲ ವರ್ಗ ಮಾಡಬೇಕು. 116 ಎಂದರೆ −11. ವರ್ಗ 121, ಅಂದರೆ −6. ಮತ್ತೆ ವರ್ಗ 36. 3 × 36 = 108. ಕೂಡಿತು. ಈಗ ಬೇಕೆಂದೇ ಒಂದು ತಪ್ಪು ಮಾಡೋಣ, 84ರ ಜಾಗದಲ್ಲಿ 85 ಬಂತೆನ್ನಿ. ಅದರ ವರ್ಗದ ಶೇಷ 113, ರಾಶಿ 27 ಆಗುತ್ತದೆ. ತಾಳೆ ಮಾತ್ರ 108 ಎಂದೇ ಹೇಳುತ್ತದೆ. ತಪ್ಪು ಸಿಕ್ಕಿಬಿತ್ತು.

ನಿಜವಾದ ಲೆಕ್ಕದಲ್ಲಿ ಹತ್ತು ಲಕ್ಷ ಹೆಜ್ಜೆಗೆ ಒಮ್ಮೆ ತಾಳೆ ನೋಡಿದರೆ, ರಾಶಿಗೆ ಗುಣಿಸಲು ಒಂದು ಸಾವಿರ, ತಾಳೆಗೆ ಒಂದು ಸಾವಿರ, ಒಟ್ಟು ಎರಡು ಸಾವಿರ ಹೆಚ್ಚಿನ ಗುಣಾಕಾರ. ಶೇಕಡಾ 0.2. ತಾಳೆ ತಪ್ಪಿದರೆ ಹಿಂದೆ ಸರಿಹೋದ ಜಾಗಕ್ಕೆ ಮರಳಿ ಅಲ್ಲಿಂದ ಮತ್ತೆ ಹೊರಡಬೇಕು, ಅಷ್ಟೇ. ಕೆಟ್ಟ ಯಂತ್ರದಿಂದಲೂ ಸರಿಯಾದ ಉತ್ತರ ತೆಗೆಯಬಹುದು.

ಇನ್ನೊಂದು ಪ್ರಶ್ನೆ ಉಳಿಯಿತು. ಲೆಕ್ಕ ಮಾಡಿದವರಿಗೆ ತಾಳೆ ಸಿಕ್ಕಿತು, ಅವರ ಮಾತನ್ನು ಬೇರೆಯವರು ನಂಬುವುದು ಹೇಗೆ? ಇದಕ್ಕೆ ಕ್ರಿಸ್ಟಾಫ್ ಪಿಯೆತ್ಶಾಕ್ 2018ರಲ್ಲಿ ಕೊಟ್ಟ ದಾರಿಯನ್ನು 2020ರಿಂದ ಬಳಸುತ್ತಿದ್ದಾರೆ. ಲೆಕ್ಕ ಮಾಡಿದವರು ಆರಂಭ, ಕೊನೆಯ ಜೊತೆ ನಟ್ಟನಡುವಿನ ಶೇಷವನ್ನೂ ಕೊಡುತ್ತಾರೆ. ಈಗ ಎರಡು ಮಾತು ಪರೀಕ್ಷಿಸಬೇಕು: ಆರಂಭದಿಂದ ನಡುವಿಗೆ, ನಡುವಿನಿಂದ ಕೊನೆಗೆ, ಎರಡೂ ಅರ್ಧರ್ಧ ದೂರ. ಊಹೆಗೆ ನಿಲುಕದ ಒಂದು ಸಂಖ್ಯೆ ಹಿಡಿದು, ಒಂದು ಮಾತಿಗೆ ಆ ಘಾತ ಏರಿಸಿ ಇನ್ನೊಂದಕ್ಕೆ ಗುಣಿಸಿದರೆ ಎರಡು ಸೇರಿ ಒಂದೇ ಮಾತಾಗುತ್ತದೆ, ದೂರ ಅರ್ಧ. ಹೀಗೆ ಎಂಟು ಸಲ ಅರ್ಧ ಮಾಡಿದರೆ 13.6 ಕೋಟಿ ಹೆಜ್ಜೆ ಸುಮಾರು 5.3 ಲಕ್ಷಕ್ಕೆ ಇಳಿಯುತ್ತದೆ. ಅಷ್ಟನ್ನು ಬೇರೊಬ್ಬರು ತಮ್ಮ ಯಂತ್ರದಲ್ಲಿ ಮಾಡಿ ನೋಡಿದರೆ ಮುಗಿಯಿತು. ಆ ಊಹಿಸಲಾಗದ ಸಂಖ್ಯೆಯನ್ನು ದತ್ತಾಂಶದಿಂದಲೇ ಹುಟ್ಟಿಸುವುದರಿಂದ ತಮಗೆ ಬೇಕಾದಂತೆ ಆರಿಸಿಕೊಳ್ಳುವ ಹಾಗಿಲ್ಲ.

ಇಷ್ಟಾದರೂ 9 ಬಂದರೆ ‘ಬಹುಶಃ ಅವಿಭಾಜ್ಯ’ ಎನ್ನಬಹುದಷ್ಟೇ. ಫರ್ಮಾನ ಪರೀಕ್ಷೆಯನ್ನು ಅಪರೂಪಕ್ಕೆ ಸಂಯುಕ್ತಗಳೂ ದಾಟುತ್ತವೆ. ಖಚಿತ ಪ್ರಮಾಣಕ್ಕೆ ಲ್ಯೂಕಾ ಕಂಡ, 1930ರಲ್ಲಿ ಡೆರಿಕ್ ಹೆನ್ರಿ ಲೇಮರ್ ತಿದ್ದಿ ನೇರಗೊಳಿಸಿದ ಪರೀಕ್ಷೆ ಬೇಕು. 4ರಿಂದ ಶುರು, ವರ್ಗ ಮಾಡಿ 2 ಕಳೆ, ಶೇಷ ಇಟ್ಟುಕೊ. ‘ಪ’ಗಿಂತ ಎರಡು ಕಡಿಮೆ ಹೆಜ್ಜೆಯ ಮೇಲೆ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಸಂಯುಕ್ತ. 127ಕ್ಕೆ:

4 → 14 → 67 → 42 → 111 → 0

2047ಕ್ಕೆ ಒಂಬತ್ತು ಹೆಜ್ಜೆಯ ಮೇಲೆ 1736 ಬರುತ್ತದೆ, ಸೊನ್ನೆಯಲ್ಲ.

ಸೊನ್ನೆ ಬಂದರೆ ಯಾಕೆ ಖಚಿತ? 2 + √3 ಮತ್ತು 2 − √3 ಇವುಗಳ ಮೊತ್ತ 4, ಗುಣಲಬ್ಧ 1. ಎರಡನ್ನೂ ವರ್ಗ ಮಾಡಿ ಕೂಡಿದರೆ 14. ಸರಣಿಯ ಪ್ರತಿ ಪದವೂ ಹೀಗೆ ಇವುಗಳ 1, 2, 4, 8ನೇ ಘಾತಗಳ ಮೊತ್ತ. ಕೊನೆಗೆ ಸೊನ್ನೆ ಬಂತೆಂದರೆ, 2 + √3ನ್ನು ಅದರಿಂದಲೇ ಗುಣಿಸುತ್ತಾ ಹೋದಾಗ ಅದು 1ಕ್ಕೆ ಮರಳಲು ಸರಿಯಾಗಿ 2ರ ‘ಪ’ನೇ ಘಾತದಷ್ಟು ಹೆಜ್ಜೆ ಬೇಕು ಎಂದಾಗುತ್ತದೆ, ಅಷ್ಟೂ ಬೆಲೆಗಳು ಬೇರೆ ಬೇರೆ. ‘ಮ’ ಸಂಯುಕ್ತವಾಗಿದ್ದರೆ ಅದರ ಅತಿ ಚಿಕ್ಕ ಅವಿಭಾಜ್ಯ ಅಪವರ್ತನ ಅದರ ವರ್ಗಮೂಲವನ್ನು ಮೀರದು. ಆ ಅಪವರ್ತನದ ಶೇಷಗಳ ಲೋಕದಲ್ಲಿ √3 ಸೇರಿಸಿಕೊಂಡು ಬರೆಯಬಹುದಾದ, ಸೊನ್ನೆಯಲ್ಲದ ಸಂಖ್ಯೆಗಳು ಅಪವರ್ತನದ ವರ್ಗಕ್ಕಿಂತ ಕಡಿಮೆ, ಅಂದರೆ ‘ಮ’ಗಿಂತಲೂ ಕಡಿಮೆ. ಬಂದ ಜನ ಹೆಚ್ಚು, ಇರುವ ಕುರ್ಚಿ ಕಡಿಮೆ. ಆದ್ದರಿಂದ ಅಂಥ ಅಪವರ್ತನವೇ ಇಲ್ಲ. ಇಲ್ಲದ್ದನ್ನು ಇಲ್ಲ ಎಂದು ಸಾಧಿಸುವ ಬಗೆ ಇದು, ಹುಡುಕಿ ಸೋತಿದ್ದಲ್ಲ.

2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಯಾವ ರೂಪದ ಸಂಖ್ಯೆಗಾದರೂ ಒಗ್ಗುವ ಖಚಿತ ಪರೀಕ್ಷೆಯೊಂದನ್ನು ಕೊಟ್ಟರು. ಅಂಕಿಗಳು ಹೆಚ್ಚಿದಂತೆ ಅದರ ಸಮಯ ಹಿಡಿತದಲ್ಲೇ ಬೆಳೆಯುತ್ತದೆ ಎಂಬುದು ಸಿದ್ಧಾಂತದ ದೊಡ್ಡ ಗೆಲುವು. ಆದರೆ ನಾಲ್ಕು ಕೋಟಿ ಅಂಕಿಗೆ ಅದನ್ನು ಓಡಿಸಿ ಮುಗಿಸಲಾಗದು. ಮರ್ಸೆನ್ ಸಂಖ್ಯೆಗೆ ಒಂದು ಕೂಡಿಸಿದರೆ ಬರೀ 2ಗಳ ಗುಣಲಬ್ಧ. ಆ ಒಂದು ಗುಣದಿಂದಲೇ ಲ್ಯೂಕಾನ ಹಾದಿ ಇಲ್ಲಿ ಹತ್ತಿರದ್ದು, ಅತಿ ದೊಡ್ಡ ಅವಿಭಾಜ್ಯಗಳು ಮತ್ತೆ ಮತ್ತೆ ಮರ್ಸೆನ್ ಕುಲದಲ್ಲೇ ಸಿಗುವುದೂ ಅದರಿಂದ.

ಲ್ಯೂಕಾ ಪರೀಕ್ಷೆಗೂ ಒಂದು ದೌರ್ಬಲ್ಯ ಇದೆ. ಪ್ರತಿ ಹೆಜ್ಜೆಗೂ 2 ಕಳೆಯುವುದರಿಂದ ಗೆರ್ಬಿಟ್ಸ್ ರಾಶಿ ಇಲ್ಲಿ ನಿಲ್ಲುವುದಿಲ್ಲ. ನಡುವೆ ಯಂತ್ರ ಕೆಟ್ಟು ಮೆಮೊರಿ ಪೂರ್ತಿ ಸೊನ್ನೆಯಾದರೆ ಮುಂದಿನ ಪದ −2, ಅದರ ಮುಂದಿನದು 2, ಆಮೇಲೆ ಕೊನೆಯವರೆಗೂ 2. ಇದನ್ನು ಗುರುತಿಸುವುದು ಸುಲಭ. ಅದೇ ದೋಷ ಕಟ್ಟಕಡೆಯ ಹೆಜ್ಜೆಯಲ್ಲಿ ಬಂದರೆ? ಸುಳ್ಳು ಸೊನ್ನೆ, ಸುಳ್ಳು ಅವಿಭಾಜ್ಯ. ಆದ್ದರಿಂದ ಸೊನ್ನೆ ಬಂದೊಡನೆ ಸುದ್ದಿ ಮಾಡದೆ ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪ್ರೋಗ್ರಾಂಗಳಲ್ಲಿ ಮತ್ತೆ ಮಾಡಿಸುತ್ತಾರೆ.

2024ರಲ್ಲಿ ನಡೆದದ್ದೂ ಹಾಗೆಯೇ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರು ಮಾಡಿದ, ಸ್ವಯಂಸೇವಕರ ಕಂಪ್ಯೂಟರುಗಳಿಂದ ನಡೆಯುವ ಗಿಂಪ್ಸ್ ಎಂಬ ಹುಡುಕಾಟಕ್ಕೆ ಅಮೆರಿಕದ ಲ್ಯೂಕ್ ಡ್ಯೂರಾಂಟ್ ಹದಿನೇಳು ದೇಶಗಳ ಡೇಟಾ ಸೆಂಟರುಗಳ ಗ್ರಾಫಿಕ್ಸ್ ಕಾರ್ಡುಗಳನ್ನು ಜೋಡಿಸಿದ್ದರು. ಮಿಹಾಯ್ ಪ್ರೆಡಾ ಬರೆದ ಜಿಪಿಯುಔಲ್ ಎಂಬ ಪ್ರೋಗ್ರಾಂ ಅವುಗಳಲ್ಲಿ ಓಡುತ್ತಿತ್ತು. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಎನ್‌ವಿಡಿಯಾ ಎ100 ಕಾರ್ಡು ‘ಬಹುಶಃ ಅವಿಭಾಜ್ಯ’ ಎಂದಿತು. 12ರಂದು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿದ್ದ ಎಚ್100 ಲ್ಯೂಕಾ–ಲೇಮರ್ ಪರೀಕ್ಷೆಯಲ್ಲಿ ಸೊನ್ನೆ ತಂದಿತು. ಪ್ರಕಟಣೆ ಹೊರಬಿದ್ದದ್ದು ಮರುತಾಳೆಗಳೆಲ್ಲ ಮುಗಿದ ಮೇಲೆ, 21ರಂದು.

ಗಣಿತವೆಲ್ಲ ಸರಿಯಿದ್ದೂ ಮನುಷ್ಯರ ಕಡೆ ತಪ್ಪಬಹುದು. 2⁷⁴²⁰⁷²⁸¹ − 1 ಅವಿಭಾಜ್ಯ ಎಂದು ಒಂದು ಕಂಪ್ಯೂಟರ್ 2015ರ ಸೆಪ್ಟೆಂಬರ್ 17ರಂದೇ ವರದಿ ಕಳಿಸಿತ್ತು. ಎಚ್ಚರಿಸಬೇಕಾಗಿದ್ದ ಇಮೇಲ್ ಹೋಗಲೇ ಇಲ್ಲ. 2016ರ ಜನವರಿ 7ರಂದು ಕಣ್ಣಿಗೆ ಬೀಳುವವರೆಗೆ ಆ ಹೊತ್ತಿನ ಅತಿ ದೊಡ್ಡ ಅವಿಭಾಜ್ಯ ಸರ್ವರಿನ ಕಡತದಲ್ಲೇ ಕುಳಿತಿತ್ತು. ಮನುಷ್ಯರು ಗಮನಿಸಿದ ದಿನವನ್ನೇ ಶೋಧದ ದಿನ ಎಂದು ಹಿಡಿದರು.

ಇದರಿಂದ ಉಪಯೋಗ ಏನು ಎಂಬ ಪ್ರಶ್ನೆಗೆ ಬ್ಯಾಂಕಿನ ಗೂಢಲಿಪಿಯ ಉತ್ತರ ಕೊಡುವವರಿದ್ದಾರೆ. ಅದು ತಪ್ಪು. 2048 ಬಿಟ್‌ಗಳ ಆರ್‌ಎಸ್‌ಎ ಕೀಲಿಗೆ ಬೇಕಾದವು ಸುಮಾರು 308 ಅಂಕಿಯ, ಯಾರಿಗೂ ಗೊತ್ತಿಲ್ಲದ ಎರಡು ಅವಿಭಾಜ್ಯಗಳು. ಪತ್ರಿಕೆಯಲ್ಲಿ ಬಂದ ಸಂಖ್ಯೆ ಗುಟ್ಟಿಗೆ ಒದಗದು. ನಿಜವಾದ ಲಾಭ ಯಂತ್ರಗಳಿಗಾಗಿದೆ. ಒಂದು ಬಿಟ್ಟನ್ನೂ ಕ್ಷಮಿಸದ ಲೆಕ್ಕ ಚಿಪ್ಪಿನ ದೋಷವನ್ನು ಹೊರಗೆಳೆಯುತ್ತದೆ. 2016ರ ಜನವರಿಯಲ್ಲಿ ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರುಗಳು ಕೆಲವು ಭಾರಿ ಲೆಕ್ಕಗಳಲ್ಲಿ ಸ್ತಬ್ಧವಾಗುವುದು ಗೊತ್ತಾದದ್ದು ಗಿಂಪ್ಸ್‌ನ ಪ್ರೈಮ್95 ಪ್ರೋಗ್ರಾಂ ಓಡಿಸಿದಾಗ. ಅದಕ್ಕೂ ಮೊದಲು, 1994ರಲ್ಲಿ, ಪೆಂಟಿಯಂ ಚಿಪ್ಪಿನ ಭಾಗಾಕಾರದ ತಪ್ಪನ್ನು ಥಾಮಸ್ ನೈಸ್ಲಿ ಕಂಡದ್ದು ಅವಳಿ ಅವಿಭಾಜ್ಯಗಳ ವ್ಯುತ್ಕ್ರಮಗಳನ್ನು ಕೂಡುತ್ತಿದ್ದಾಗ. ಅವರು ಎರಡು ಯಂತ್ರಗಳ ಉತ್ತರಗಳನ್ನು ತಾಳೆ ನೋಡಿದ್ದರು.

2¹³⁶²⁷⁹⁸⁴¹ − 1 ಗೊತ್ತಿರುವ ಮರ್ಸೆನ್ ಅವಿಭಾಜ್ಯಗಳಲ್ಲಿ 52ನೆಯದು. ‘ಗೊತ್ತಿರುವ’ ಎಂಬ ಮಾತನ್ನು ಬಿಡುವಂತಿಲ್ಲ. ಇದಕ್ಕಿಂತ ಚಿಕ್ಕ ಘಾತಸೂಚಿಗಳಲ್ಲಿ ಎಷ್ಟೋ ಗೆರ್ಬಿಟ್ಸ್ ತಾಳೆ ಬರುವ ಮುಂಚೆ ಒಂದೇ ಸಲ ಪರೀಕ್ಷೆಯಾದವು, ಮೇಲಿನವುಗಳಲ್ಲಿ ಕೆಲವಕ್ಕೆ ಮೊದಲ ಪರೀಕ್ಷೆಯೂ ಆಗಿರಲಿಲ್ಲ. ಹಳೆಯ ಯಂತ್ರವೊಂದರಲ್ಲಿ ಮಗುಚಿದ ಬಿಟ್ಟಿನಿಂದ ಸಂಯುಕ್ತ ಎಂದು ದಾಖಲಾದ ಅವಿಭಾಜ್ಯ ಅವುಗಳ ನಡುವೆ ಇರಬಹುದು. ಆದ್ದರಿಂದ ದೊಡ್ಡದನ್ನು ಹುಡುಕುವ ಯಂತ್ರಗಳ ಪಕ್ಕದಲ್ಲೇ, ಹೆಸರು ಬರುವ ಆಸೆಯಿಲ್ಲದೆ, ಹಳೆಯ ಶೇಷಗಳನ್ನು ಒಂದೊಂದಾಗಿ ಮತ್ತೆ ಲೆಕ್ಕ ಹಾಕಿ ನೋಡುವ ಯಂತ್ರಗಳೂ ಓಡುತ್ತಿವೆ.